ಎಣಿಕೆ ಮತ್ತು ಎಚ್ಚರ

ಸಾಮಾಯಿಕಕ್ಕೆ ಕುಳಿತ ಶ್ರಾವಕನ ಕೈಯಲ್ಲಿ ಜಪಮಾಲೆ ತಿರುಗುತ್ತಿರುತ್ತದೆ. ಮನಸ್ಸು ಅಂಗಡಿಯ ಲೆಕ್ಕವನ್ನೋ ಮಗಳ ವಿವಾಹವನ್ನೋ ಚಿಂತಿಸುತ್ತಿರುತ್ತದೆ. 108 ಮಣಿಗಳು ಮುಗಿದವು. ಜಪವೂ ಆಯಿತೆನ್ನಬಹುದೆ?

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸಾಮಾಯಿಕದ ಐದು ಅತಿಚಾರಗಳನ್ನು ಹೇಳುವಾಗ, ಮನೋವಾಕ್ಕಾಯಗಳ ದುಷ್ಪ್ರಣಿಧಾನ ಮತ್ತು ಅನಾದರಗಳೊಡನೆ ಸ್ಮೃತ್ಯನುಪಸ್ಥಾನವನ್ನೂ ಎಣಿಸಿದ್ದಾರೆ. ಕೈಗೊಂಡ ಕ್ರಿಯೆಯಲ್ಲಿ ನೆನಪು ನೆಲೆಗೊಳ್ಳದಿರುವುದೇ ಈ ದೋಷ. ಒಂಬತ್ತನೆಯ ಅಧ್ಯಾಯದಲ್ಲಿ, ಉತ್ತಮ ಸಂಹನನವುಳ್ಳವನಿಗೂ ಏಕಾಗ್ರ ಧ್ಯಾನದ ಅವಧಿ ಅಂತರ್ಮುಹೂರ್ತವೆಂದಿದ್ದಾರೆ; ಎಂದರೆ 48 ನಿಮಿಷಗಳ ಒಳಗೆ. ಮನಸ್ಸಿನ ಚಾಂಚಲ್ಯವನ್ನು ಆಚಾರ್ಯರು ಚೆನ್ನಾಗಿ ಬಲ್ಲವರಾಗಿದ್ದರು.

ಆಧುನಿಕ ವಿಜ್ಞಾನವೂ ಇದನ್ನು ಪರೀಕ್ಷಿಸಿದೆ. ಯುದ್ಧಕಾಲದ ರಡಾರ್ ವೀಕ್ಷಕರ ಆಯಾಸವನ್ನು ಅರಿಯಲು ಹೊರಟ ನಾರ್ಮನ್ ಮ್ಯಾಕ್‌ವರ್ತ್ ಎಂಬ ವಿದ್ವಾಂಸರು 1948ರಲ್ಲಿ ತಮ್ಮ ಪ್ರಯೋಗವನ್ನು ಪ್ರಕಟಿಸಿದರು. ಗಡಿಯಾರದಂಥ ಫಲಕದಲ್ಲಿ ಮುಳ್ಳು ಅಪರೂಪಕ್ಕೊಮ್ಮೆ ಎರಡು ಹೆಜ್ಜೆಯಷ್ಟು ನೆಗೆಯುವುದನ್ನು ಎರಡು ಗಂಟೆ ಕಾಲ ಗಮನಿಸಬೇಕಿತ್ತು. ಮೊದಲ ಅರ್ಧ ಗಂಟೆ ಕಳೆಯುತ್ತಲೇ ನೋಡುವವರ ಎಚ್ಚರ ಕುಂದಿತು. ಆದರೆ ಕಂಡದ್ದು ಸರಿಯೋ, ನೆಗೆತ ಕಣ್ತಪ್ಪಿತೋ ಎಂಬುದನ್ನು ಆಗಾಗಲೇ ತಿಳಿಸಿದಾಗ ಆ ಕುಂದು ಬಹುಮಟ್ಟಿಗೆ ನಿಂತಿತು.

ಇಲ್ಲೊಂದು ಸೂಕ್ಷ್ಮವುಂಟು. ಅವರಿಗೆ ತಿಳಿಸಿದ್ದು ಎಷ್ಟು ಹೊತ್ತು ಕುಳಿತರೆಂಬುದನ್ನಲ್ಲ, ಎಲ್ಲಿ ತಪ್ಪಿದರೆಂಬುದನ್ನು. ಜಪಮಾಲೆಯಾಗಲಿ, ಇಂದು ರಾಜಾಜಿನಗರ, ವಿಜಯನಗರಗಳಂಥ ಬಡಾವಣೆಗಳ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುವ ಎಣಿಕೆಯ ಯಂತ್ರವಾಗಲಿ ಸಂಖ್ಯೆಯನ್ನಷ್ಟೇ ಹೇಳಬಲ್ಲದು. ಮನೆಯವರಿಗೂ ಕಾಣುವುದು ಮಣಿಗಳು ಮಾತ್ರ. ಆ ಪ್ರಯೋಗದಲ್ಲಿ ತಪ್ಪನ್ನು ತೋರಿಸಲು ಬೇರೊಬ್ಬರಿದ್ದರು. ಸಾಮಾಯಿಕದಲ್ಲಿ ಜಾರಿದ ಮನಸ್ಸನ್ನು ಕಾಣುವವನು ಕುಳಿತವನೊಬ್ಬನೇ. ಅವನು ತನಗೆ ತಾನೇ ಸುಳ್ಳು ಹೇಳಿಕೊಂಡರೆ ತಿದ್ದುವವರು ಯಾರು? ಆದುದರಿಂದಲೇ ಆಲೋಚನೆ, ಪ್ರತಿಕ್ರಮಣಗಳು ವಿಹಿತವಾಗಿವೆ.

ಗುರಿಯೂ ಅವಶ್ಯಕ. ಇಷ್ಟು ಕಾಲ ಪಾಪಕ್ರಿಯೆಯನ್ನು ತ್ಯಜಿಸಿರುವೆನೆಂಬ ಕಾಲನಿಯಮವು ಮನಸ್ಸಿಗೆ ಹಾಕಿದ ಬೇಲಿಯಂತೆ. ಆದರೆ ಗುರಿಯು ಫಲದ ಬಯಕೆಗೆ ತಿರುಗಿದರೆ ಅದು ನಿದಾನಶಲ್ಯ, ಶಲ್ಯವಿರುವಲ್ಲಿ ವ್ರತಿತ್ವವಿಲ್ಲ. ನೆರೆಯವನಿಗಿಂತ ಹೆಚ್ಚು ಮಾಲೆ ಎಣಿಸಿದೆನೆಂಬ ಹೆಮ್ಮೆಯಾದರೋ ಮಾನಕಷಾಯವೇ ಸರಿ.

ಹಾಗೆಂದು ಮಾಲೆಯನ್ನು ತೊರೆಯಬೇಕಾಗಿಲ್ಲ. ಮನಸ್ಸು ಜಾರಿದುದು ತಿಳಿದೊಡನೆ ಮರುಗುತ್ತ ಕೂರದೆ ಅದನ್ನು ಮಂತ್ರಕ್ಕೆ ಮರಳಿಸುವುದು. ಜಪ ಮುಗಿದ ಮೇಲೆ ಎಷ್ಟು ಸಲ ಜಾರಿತೆಂಬುದನ್ನು ಮುಚ್ಚುಮರೆಯಿಲ್ಲದೆ ವಿಚಾರಿಸಿಕೊಳ್ಳುವುದು. ಎಚ್ಚರದಿಂದ ಎಣಿಸಿದ ಒಂದು ಮಾಲೆ, ಮರೆವಿನಲ್ಲಿ ಮುಗಿದ ಹತ್ತು ಮಾಲೆಗಳಿಗಿಂತ ಶ್ರೇಷ್ಠವೆಂಬುದನ್ನು ಶ್ರಾವಕ-ಶ್ರಾವಿಕೆಯರು ಮನಗಾಣಬೇಕು.