ಅಕ್ಷರದ ಉಡುಗೆ

ನನ್ನ ಮನೆ, ನನ್ನಿಷ್ಟದ ರಂಗೋಲಿ ಎನ್ನಬಹುದು. ನನ್ನ ವೆಬ್‌ಸೈಟಿಗೆ ಹೊಸ ಉಡುಗೆ ತೊಡಿಸುವಾಗ ನನಗೂ ಹಾಗೇ ಅನ್ನಿಸಿತ್ತು. ಆದರೆ ರಂಗೋಲಿಯನ್ನು ಯಾರೂ ಓದಬೇಕಾಗಿಲ್ಲವಲ್ಲ!

ನಮ್ಮ ಅಕ್ಷರಗಳ ಗುಟ್ಟೆಲ್ಲ ಇರುವುದು ಕಾಲಬುಡದಲ್ಲಿ. ದನಕ್ಕೂ ಧನಕ್ಕೂ ಇರುವ ಅಂತರ ಅಡಿಯ ಒಂದು ಸೀಳು, ಅಷ್ಟೆ. ಅಕ್ಷರ ತೀರ ಸಣ್ಣದಾದರೆ ಮೊದಲು ಮಾಯವಾಗುವುದು ಅದೇ. 'ರಾಷ್ಟ್ರ' ಎಂದು ಬರೆದು ನೋಡಿ. ಷಕಾರದ ಕೆಳಗೆ ಟಕಾರ, ಜೊತೆಗೆ ರಕಾರ. ಇಂಗ್ಲಿಷಿನ ಅಳತೆಗೆ ಹೊಲಿದ ಸಾಲುಗಳಲ್ಲಿ ಇವು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತವೆ.

ಮಗಳಿಗೆ 'ಬಾಲೂ ತಮ್ಮ' ಎಂಬ ಫಾಂಟು ಇಷ್ಟ. ಆಗಷ್ಟೇ ಎಣ್ಣೆಯಿಂದ ತೆಗೆದ ಬೋಂಡದ ಹಾಗೆ ದುಂಡುದುಂಡಗೆ. ತಲೆಬರಹಕ್ಕೇನೋ ಚೆನ್ನ, ಊಟವಿಡೀ ಬೋಂಡ ತಿನ್ನಲಾದೀತೇ? ಒಳಪುಟಗಳಿಗೆ ನಾನು 'ನೋಟೋ ಸೆರಿಫ್ ಕನ್ನಡ'ವನ್ನೇ ಹಿಡಿದೆ.

ನನ್ನ ಓದುಗರಲ್ಲಿ ನಮ್ಮ ಅತ್ತೆಯವರೂ ಒಬ್ಬರು. ಕನ್ನಡಕ ಒರೆಸಿ ಒರೆಸಿ, ಮೊಬೈಲನ್ನು ತೋಳುದ್ದ ಹಿಡಿದು ಓದುತ್ತಾರೆ. ಕಾಣದಿದ್ದರೆ "ನಿನ್ನ ಅಕ್ಷರ ಸರಿಯಿಲ್ಲ" ಎನ್ನುವವರಲ್ಲ. "ನನ್ನ ಕಣ್ಣೇ ಹೋಯಿತು ಕಣೇ" ಎಂದು ಮೊಬೈಲು ಕೆಳಗಿಡುತ್ತಾರೆ. ನನ್ನ ಅಲಂಕಾರದ ಭಾರವನ್ನು ಅವರು ತಮ್ಮ ವಯಸ್ಸಿನ ತಪ್ಪೆಂದು ಹೊತ್ತುಕೊಳ್ಳುವುದು ಯಾವ ನ್ಯಾಯ, ನೀವೇ ಹೇಳಿ. ನೋಡುವವರ ಮೆಚ್ಚುಗೆ ನನಗೂ ಬೇಕು, ಇಲ್ಲವೆನ್ನಲಾರೆ. ಆದರೂ ಗಾತ್ರ ಹಿಗ್ಗಿಸಿ, ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಟ್ಟೆ. ಪುಟ ತುಸು ಹಳ್ಳಿ ಮನೆಯ ಪಡಸಾಲೆಯಂತೆ ಕಾಣುತ್ತದೆ. ಕಾಣಲಿ.