ನೆನಪಿಲ್ಲದ ನೋವು ಯಾರದ್ದು?

ನಮ್ಮವ್ವನಿಗೆ ಹಲ್ಲಿನ ಡಾಕ್ಟರೆಂದರೆ ಭಯ. ಹಾವಿಗೆ, ಕತ್ತಲಿಗೆ, ತುಂಬಿದ ಹೊಳೆಗೆ ಹೆದರದವಳು, ಎರಡು ಹೆರಿಗೆಗಳನ್ನು ಮನೆಯಲ್ಲೇ ಮುಗಿಸಿಕೊಂಡವಳು, ಹಲ್ಲಿನ ಆಸ್ಪತ್ರೆಯ ಬೋರ್ಡು ಕಂಡರೆ ಮಾತ್ರ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಾಳೆ. ಟಿ. ನರಸೀಪುರದ ನಮ್ಮ ಮನೆಯ ಬಚ್ಚಲಿನ ಗೂಡಿನಲ್ಲಿ ನಂಜನಗೂಡು ಹಲ್ಲುಪುಡಿ ತಪ್ಪದೆ ಇರುತ್ತಿತ್ತು. ಬಿ.ವಿ. ಪಂಡಿತರು 1913ರಲ್ಲಿ ಶುರುಮಾಡಿದ ಸದ್ವೈದ್ಯಶಾಲೆಯ ಆ ಗುಲಾಬಿ ಪುಡಿ ನಮ್ಮ ಕಡೆಯ ಎಷ್ಟೋ ಮನೆಗಳ ಬೆಳಗಿನ ರುಚಿ. ಆದರೆ ಹಲ್ಲುಜ್ಜುವ ಪುಡಿಗೆ ಬೇರಿನಲ್ಲಿ ಕಟ್ಟಿದ ಕೀವು ತೆಗೆಯುವ ಕೆಲಸ ಒಪ್ಪಿಸಿದರೆ ಅದು ನಮ್ಮ ತಪ್ಪು, ಪುಡಿಯದ್ದಲ್ಲ. ಅವ್ವ ಲವಂಗ ಕಚ್ಚಿಕೊಂಡು, ಒಂದೇ ಬದಿಯಲ್ಲಿ ಅಗಿದುಕೊಂಡು ಎರಡು ವರ್ಷ ಕಳೆದಳು. ಕೊನೆಗೆ ದವಡೆ ಊದಿ ರಾಗಿಮುದ್ದೆ ನುಂಗುವುದೂ ಕಷ್ಟವಾಯಿತು.

ಆಗ ನಾನೊಂದು ಸುಳ್ಳು ಹೇಳಿದೆ. ನಾನಿರುವುದು ನಂಜನಗೂಡಿನಲ್ಲಿ. 'ಶ್ರೀಕಂಠೇಶ್ವರನ ದರ್ಶನ ಮಾಡ್ಕೊಂಡು ಬರೋಣ ಬಾ' ಅಂತ ಕರೆಸಿಕೊಂಡೆ. ದರ್ಶನವೇನೋ ಆಯಿತು. ಅಲ್ಲಿಂದ ಆಟೋ ನೇರ ಹಲ್ಲಿನ ಕ್ಲಿನಿಕ್ಕಿನ ಮುಂದೆ ನಿಂತಿತು. 'ಬರೀ ನೋಡ್ತಾರೆ ಕನವ್ವ, ಮುಟ್ಟದೂ ಇಲ್ಲ' ಅಂದೆ. ಕುರ್ಚಿಯಲ್ಲಿ ಕೂತ ಅವ್ವ ಪಕ್ಕದ ತಟ್ಟೆಯಲ್ಲಿದ್ದ ಇಕ್ಕಳ ನೋಡಿದಳು, ಆಮೇಲೆ ನನ್ನನ್ನು ನೋಡಿದಳು, ಬಾಯಿ ಮುಚ್ಚಿಕೊಂಡಳು. ಏನು ಹೇಳಿದರೂ ಆ ಬಾಯಿ ತೆರೆಯಲಿಲ್ಲ.

ಡಾಕ್ಟರು ಬಲವಂತ ಮಾಡಲಿಲ್ಲ. ಇಕ್ಕಳವನ್ನು ಒಳಗಿಟ್ಟರು, ಕೀವಿಗೆ ಮಾತ್ರೆ ಬರೆದುಕೊಟ್ಟರು, ನನಗೊಂದು ಮಾತು ಹೇಳಿದರು: 'ಅಮ್ಮನಿಗೆ ನೋವಿನ ಭಯವಲ್ಲ ಇದು. ನೋವನ್ನಾದರೆ ಎರಡು ವರ್ಷದಿಂದ ತಿಂತಾನೇ ಇದ್ದಾರೆ. ಬೇರೆ ಏನೋ ಇದೆ, ಕೇಳಿ.'

ರಾತ್ರಿ ಕೇಳಿದೆ. ಅವ್ವನಿಗೆ ಆಗ ಎಂಟೋ ಒಂಬತ್ತೋ ವರ್ಷ. ಅವರಪ್ಪ 'ಸಂಗಮಕ್ಕೆ ಹೋಗಿ ಮಿಂದ್ಕೊಂಡು ಬರವ' ಅಂತ ಕೈ ಹಿಡಿದು ಹೊರಡಿಸಿದರಂತೆ. ಹೊಳೆ ತಲುಪುವ ಮುಂಚೆಯೇ ಯಾರದ್ದೋ ಜಗಲಿ ಹತ್ತಿಸಿದರಂತೆ. ಇಬ್ಬರು ತೋಳು ಹಿಡಿದರು, ಒಬ್ಬ ಹಲ್ಲು ಕಿತ್ತ. 'ನೋವು ಮರ್ತೋಗದೆ ಕನಪ್ಪ. ಅಪ್ಪ ನನ್ ತೋಳು ಹಿಡ್ಕೊಂಡಿದ್ದುದ್ದು ಮರ್ತೋಗಿಲ್ಲ.'

ಅರವತ್ತು ವರ್ಷ ದಾಟಿದ ಮೇಲೆ ಅದೇ ಸುಳ್ಳನ್ನು, ಊರು ಮತ್ತು ದೇವರನ್ನು ಮಾತ್ರ ಬದಲಾಯಿಸಿ, ನಾನು ಹೇಳಿದ್ದೆ.

ನಾವು ಭಯಪಟ್ಟವರಿಗೆ ಕೊಡುವ ಮೊದಲ ಮಂಪರಿನ ಮದ್ದು ಸುಳ್ಳೇ. 'ಇರುವೆ ಕಚ್ಚಿದಂಗಿರ್ತದೆ', 'ಗೊತ್ತೇ ಆಗಲ್ಲ', 'ಬರೀ ನೋಡ್ತಾರೆ'. ಅದಕ್ಕೆ ದುಡ್ಡಿಲ್ಲ, ಚೀಟಿ ಬೇಡ. ಅದು ಕೆಲಸ ಮಾಡದಿದ್ದರೆ ಎರಡನೆಯದು: 'ಇಷ್ಟು ದೊಡ್ಡವಳಾಗಿ ನಾಚಿಕೆ ಆಗಲ್ವಾ?' ಮೂರನೆಯದು ತೋಳು ಹಿಡಿಯುವುದು. ಈ ಮೂರಕ್ಕೂ ಯಾರೂ ಸಹಿ ಹಾಕಿಸಿಕೊಳ್ಳುವುದಿಲ್ಲ.

ಮುಂದಿನ ವಾರ ಅವ್ವನ ಎದುರಿಗೇ ಡಾಕ್ಟರು ಇರುವ ದಾರಿಗಳನ್ನು ಒಂದೊಂದಾಗಿ ಹೇಳಿದರು. ಮರಗಟ್ಟಿಸುವ ಇಂಜೆಕ್ಷನ್ ಒಂದೇ ಸಾಕೆನ್ನುವವರಿಗೆ ಅದು. ಕೀವು ತುಂಬಿದ ಜಾಗದಲ್ಲಿ ಅದು ಅಷ್ಟಾಗಿ ಹಿಡಿಯುವುದಿಲ್ಲ, ಅದಕ್ಕೇ ಮೊದಲು ಮಾತ್ರೆ. ಎರಡನೆಯದು ಗ್ಯಾಸು: ನೈಟ್ರಸ್ ಆಕ್ಸೈಡನ್ನು ಆಮ್ಲಜನಕದ ಜೊತೆ ಬೆರೆಸಿ ಮೂಗಿನ ಮೇಲಿಟ್ಟ ಮುಖವಾಡದಿಂದ ಕೊಡುತ್ತಾರೆ. ಎಚ್ಚರವಿರುತ್ತದೆ, ಮಾತಾಡಬಹುದು, ಭಯದ ಮೊನೆ ಮಾತ್ರ ಮೊಂಡಾಗುತ್ತದೆ. ಕೊನೆಗೆ ಕೆಲವು ನಿಮಿಷ ಬರೀ ಆಮ್ಲಜನಕ ಕೊಟ್ಟರೆ ಇಳಿದುಹೋಗುತ್ತದೆ. ಮೂರನೆಯದು ನುಂಗುವ ಮಾತ್ರೆ. ನಾಲ್ಕನೆಯದು ರಕ್ತನಾಳಕ್ಕೆ ಮಿಡಾಜೊಲಂನಂಥ ಮದ್ದು ಕೊಡುವುದು. ಜೊಂಪು ಬರುತ್ತದೆ, ಕರೆದರೆ ಓಗೊಡುತ್ತಾರೆ, ಆಮೇಲೆ ಬಹುಪಾಲು ನೆನಪಿರುವುದಿಲ್ಲ. ಕೊನೆಯದು ಪೂರ್ತಿ ಪ್ರಜ್ಞೆ ತಪ್ಪಿಸುವ ಅರಿವಳಿಕೆ. ಕೊನೆಯ ಎರಡಕ್ಕೂ ಹೊಟ್ಟೆ ಖಾಲಿ ಇರಬೇಕು, ಉಸಿರು ಮತ್ತು ನಾಡಿಯನ್ನು ಕಾಯುವವರಿರಬೇಕು, ಜೊತೆಗೆ ಮನೆಯವರೊಬ್ಬರಿರಬೇಕು. 'ಇದು ಇಲ್ಲಿ ಆಗಲ್ಲ, ಮೈಸೂರಿಗೆ ಹೋಗಬೇಕು. ಮೆಡಿಕಲ್ ಸ್ಟೋರಿಂದ ನಿದ್ದೆ ಮಾತ್ರೆ ತಂದು ನೀವೇ ಕೊಡೋಕೆ ಮಾತ್ರ ಹೋಗಬೇಡಿ, ವಯಸ್ಸಾದವರಲ್ಲಿ ಉಸಿರೇ ಇಳಿದುಬಿಡಬಹುದು' ಅಂದರು.

ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಬೆರಳ ನಡುವೆ ಗುಲಗಂಜಿ ಇದೆ. ನಮ್ಮ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಅವ್ವ ಎಲ್ಲರಿಗೂ ಹೇಳುತ್ತಾಳೆ. ರಕ್ತನಾಳಕ್ಕೆ ಕೊಡುವ ಮದ್ದಿನ ಲೆಕ್ಕವೂ ಹಾಗೆಯೇ, ಸ್ವಲ್ಪ ಕೊಟ್ಟು ಕಾಯುತ್ತಾರೆ, ಮತ್ತೆ ಸ್ವಲ್ಪ ಕೊಡುತ್ತಾರೆ ಎಂದಾಗ ಅವಳಿಗೆ ಸಟ್ಟನೆ ಅರ್ಥವಾಯಿತು. ಅವಳು ಅದನ್ನೇ ಆರಿಸಿದಳು. ಆದರೆ ಒಂದು ಷರತ್ತು ಹಾಕಿದಳು: 'ನಾ ಬ್ಯಾಡ ಅಂದ್ರೆ ನಿಲ್ಸ್‌ಬೇಕು.'

ನೆಂಟರಲ್ಲಿ ಕೆಲವರಿಗೆ ಇದು ಅತಿಯೆನ್ನಿಸಿತು. ಒಂದು ಹಲ್ಲಿಗೆ ಮೈಸೂರಿನ ದೊಡ್ಡ ಆಸ್ಪತ್ರೆಯೇ, ತಡೆದುಕೊಳ್ಳಬಾರದೇ ಎಂದರು. ತಡೆದುಕೊಳ್ಳುವುದನ್ನು ನಮ್ಮಲ್ಲಿ ದೊಡ್ಡ ಗುಣವೆಂದು ಕೊಂಡಾಡುತ್ತೇವೆ. ನಂಜನಗೂಡಿನಲ್ಲಂತೂ ಆ ಗುಣವೇ ದೇವರಾಗಿ ಕೂತಿದೆ: ನಂಜನ್ನು ಉಂಡವನು ನಂಜುಂಡ. ಆದರೆ ಆ ಕಥೆಯನ್ನು ಪೂರ್ತಿ ನೆನೆಯಬೇಕು. ಅವನು ಹಾಲಾಹಲ ಕುಡಿದದ್ದು ಲೋಕ ಉಳಿಯಲಿ ಎಂದು. ಅದೂ ಒಬ್ಬನೇ ಅಲ್ಲ, ವಿಷ ಕೆಳಗಿಳಿಯದಂತೆ ಪಾರ್ವತಿ ಗಂಟಲು ಹಿಡಿದಿದ್ದಳು. ಯಾರನ್ನೂ ಉಳಿಸದ ನೋವನ್ನು ಒಬ್ಬಳೇ ಕುಡಿ ಎಂದು ಮುದುಕಿಗೆ ಹೇಳುವವರು ಆ ದೇವರನ್ನು ಸಾಕ್ಷಿಗೆ ಕರೆಯುವಂತಿಲ್ಲ. ಟಿಪ್ಪು ಸುಲ್ತಾನನ ಪಟ್ಟದಾನೆಯ ಕಣ್ಣು ವಾಸಿಯಾಗಿ ಅವನು 'ಹಕೀಂ ನಂಜುಂಡ' ಎಂದು ಕರೆದನೆಂಬ ಪ್ರತೀತಿಯೂ ಇಲ್ಲಿಯದೇ. ನಮ್ಮೂರ ದೇವರು ವೈದ್ಯ. ವೈದ್ಯನ ಮುಂದೆ ಧೈರ್ಯದ ಪರೀಕ್ಷೆ ಕೊಡಬೇಕಾದ ಸಾಲ ರೋಗಿಗಿಲ್ಲ.

ಅರವಳಿಕೆಯ ಚರಿತ್ರೆಯಲ್ಲಿ ಹಲ್ಲಿನ ಕುರ್ಚಿಗೂ ದೊಡ್ಡ ಪಾಲಿದೆ. ಅಮೆರಿಕದ ಹಾರ್ಟ್‌ಫರ್ಡ್ ಊರಿನ ದಂತವೈದ್ಯ ಹೊರೇಸ್ ವೆಲ್ಸ್ 1844ರ ಡಿಸೆಂಬರ್ 11ರಂದು ನಗೆಗ್ಯಾಸು ಎಳೆದುಕೊಂಡು ತನ್ನದೇ ಹಲ್ಲು ಕೀಳಿಸಿಕೊಂಡ. ಮರುವರ್ಷ ಬಾಸ್ಟನ್ನಿನಲ್ಲಿ ಜನರೆದುರು ತೋರಿಸುವಾಗ ರೋಗಿ ಕೂಗಿಕೊಂಡ, ನೋಡಿದವರು ವೆಲ್ಸ್‌ನನ್ನು ಮೋಸಗಾರನೆಂದು ಹೀಯಾಳಿಸಿದರು. ಆ ರೋಗಿ ಆಮೇಲೆ ತನಗೆ ಹೆಚ್ಚೇನೂ ನೋವಾದದ್ದು ಗೊತ್ತಿಲ್ಲವೆಂದನಂತೆ. ಕೂಗಿದ ಬಾಯಿ, ಗೊತ್ತಿಲ್ಲವೆನ್ನುವ ಬಾಯಿ ಎರಡೂ ಒಂದೇ. ಯಾವುದನ್ನು ನಂಬುವುದು? ಈ ಪ್ರಶ್ನೆ ನಮ್ಮ ಮನೆಗೂ ಬಂತು.

ಮೈಸೂರಿನಲ್ಲಿ ಬಾಗಿಲ ಬಳಿ ನಿಲ್ಲಲು ನನ್ನನ್ನು ಬಿಟ್ಟರು. ಅವ್ವನ ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು, ಮುಂಗೈಗೆ ಸೂಜಿ. ಸ್ವಲ್ಪ ಹೊತ್ತಿಗೆ ಕಣ್ಣು ಅರೆಮುಚ್ಚಿತು. ದವಡೆ ಮರಗಟ್ಟಲು ಬೇರೆ ಇಂಜೆಕ್ಷನ್ ಕೊಟ್ಟರು. ಕೀಳುವಾಗ ಅವ್ವ ನರಳಿದಳು. ಎಡಗೈ ಮೇಲೆದ್ದಿತು. ತೊದಲುತ್ತಾ, ಆದರೆ ಸ್ಪಷ್ಟವಾಗಿ, 'ಬ್ಯಾಡ' ಅಂದಳು.

ಅವರು ನಿಲ್ಲಿಸಿದರು. ಇಕ್ಕಳ ಹೊರಗೆ ಬಂತು. 'ಅಮ್ಮಾ, ನೋವಾಗ್ತಿದೆಯಾ?' 'ಹೂಂ.' ಮತ್ತೊಂದು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಕಾದರು. 'ಈಗ?' ತಲೆ ಅಡ್ಡಡ್ಡ ಆಡಿಸಿದಳು. 'ತೆಗೀಲಾ?' ಅಂದರೆ 'ಹೂಂ' ಅಂದಳು. ತೆಗೆದರು.

ಎರಡು ಗಂಟೆಯ ನಂತರ ಕಾರಿನಲ್ಲಿ ಕೂತ ಅವ್ವ ಹತ್ತಿ ಕಚ್ಚಿಕೊಂಡೇ ನಕ್ಕಳು. 'ಏನೂ ಗೊತ್ತಾಗ್ನಿಲ್ಲ ಕನಪ್ಪ.'

ನಾನು ಸುಮ್ಮನಿದ್ದೆ. ಮಿಡಾಜೊಲಂ ನೋವು ಕಳೆಯುವ ಮದ್ದಲ್ಲ. ಅದು ಭಯ ಇಳಿಸುತ್ತದೆ, ಹೊಸ ನೆನಪು ಕೂಡಿಕೊಳ್ಳದಂತೆ ತಡೆಯುತ್ತದೆ. ನೋವನ್ನು ತಡೆಯುವುದು ಮರಗಟ್ಟಿಸುವ ಇಂಜೆಕ್ಷನ್ನೇ. ಹಾಗಾಗಿ ಆ ಅರೆಕ್ಷಣದ ನೋವು ನಿಜವಾಗಿಯೂ ಇತ್ತು. ಅದನ್ನು ಅನುಭವಿಸಿದವಳಿಗೆ ಅದರ ನೆನಪಿಲ್ಲ, ನೆನಪಿರುವ ನನಗೆ ಅದರ ಅನುಭವವಿಲ್ಲ. ಹಾಗಾದರೆ ಅದು ಯಾರದ್ದು?

ಇಂಗ್ಲೆಂಡಿನ ತತ್ವಜ್ಞಾನಿ ಡೆರೆಕ್ ಪಾರ್ಫಿಟ್ 1984ರ ತನ್ನ ಪುಸ್ತಕದಲ್ಲಿ ಒಂದು ಸನ್ನಿವೇಶ ಕಲ್ಪಿಸಿದ್ದಾನೆ. ನೀವು ಆಸ್ಪತ್ರೆಯಲ್ಲಿ ಕಣ್ಣು ಬಿಡುತ್ತೀರಿ. ಅರಿವಳಿಕೆಯಿಲ್ಲದ ಶಸ್ತ್ರಚಿಕಿತ್ಸೆ, ಆಮೇಲೆ ಅದನ್ನು ಮರೆಸುತ್ತಾರೆ. ನಿನ್ನೆ ಹತ್ತು ಗಂಟೆ ನೋವುಂಡು ಮುಗಿಸಿದ ರೋಗಿ ನೀವೋ, ಇವತ್ತು ಒಂದು ಗಂಟೆ ಉಣ್ಣಬೇಕಾದ ರೋಗಿ ನೀವೋ, ನರ್ಸಿಗೆ ಗೊತ್ತಿಲ್ಲ. ಯಾವುದಾಗಿರಲಿ ಎಂದು ಬಯಸುತ್ತೀರಿ? ನಾವೆಲ್ಲ ನಿನ್ನೆಯ ಹತ್ತು ಗಂಟೆಯನ್ನೇ ಬಯಸುತ್ತೇವೆ. ಮುಗಿದ, ಮರೆತ ನೋವು ನಮಗೆ ಲೆಕ್ಕಕ್ಕಿಲ್ಲ. ಅವ್ವನ ನಗುವಿನ ಪರವಾಗಿ ಇದು ಒಳ್ಳೆಯ ವಾದ. ಆದರೆ ಇದು ರೋಗಿ ತನ್ನ ಬಗ್ಗೆ ತಾನು ಬಯಸುವ ಮಾತು. ಇಕ್ಕಳ ಹಿಡಿದವರು ಇದೇ ವಾದವನ್ನು ಎತ್ತಿಕೊಂಡು 'ಹೇಗೂ ನೆನಪಿರಲ್ಲ, ಮುಂದುವರಿಸೋಣ' ಎಂದರೆ ಅದು ಬೇರೆಯೇ ಆಗಿಬಿಡುತ್ತದೆ. ಮರೆವು ರೋಗಿಗೆ ಸಿಗುವ ಸಮಾಧಾನವಾಗಬಹುದು, ಮಾಡುವವರಿಗೆ ಸಿಗುವ ಪರವಾನಗಿಯಾಗಬಾರದು.

ಇನ್ನೊಂದು ತೊಡಕಿದೆ. ಮನೆಗೆ ಕಳಿಸುವಾಗ ಕೊಟ್ಟ ಚೀಟಿಯಲ್ಲಿ 24 ಗಂಟೆ ಯಾವ ಮುಖ್ಯ ಕಾಗದಕ್ಕೂ ಸಹಿ ಹಾಕಬಾರದೆಂದಿತ್ತು. ಮಂಪರಿನ ಸಹಿ ಸಹಿಯಲ್ಲವಾದರೆ ಮಂಪರಿನ 'ಬ್ಯಾಡ' ಹೇಗೆ ಮಾತಾಗುತ್ತದೆ? ಎಚ್ಚರವಿದ್ದಾಗ ಒಪ್ಪಿ ಸಹಿ ಹಾಕಿದವಳ ಇಷ್ಟವನ್ನಲ್ಲವೇ ನಡೆಸಬೇಕಾದದ್ದು? ಗ್ರೀಕರ ಕಥೆಯಲ್ಲಿ ಯುಲಿಸಿಸ್ ತನ್ನನ್ನು ಹಡಗಿನ ಕಂಬಕ್ಕೆ ಕಟ್ಟಿಸಿಕೊಂಡು, ನಾನೆಷ್ಟೇ ಬೇಡಿದರೂ ಬಿಚ್ಚಬೇಡಿ ಎಂದಿದ್ದ. ಅವನು ಕೂಗಿದಾಗ ಬಿಚ್ಚದಿದ್ದವರೇ ಅವನ ಮಾತು ನಡೆಸಿದವರು.

ಸರಿಯೇ. ಆದರೆ ಅವ್ವ ಎಚ್ಚರದಲ್ಲಿ ಹೇಳಿದ್ದು ಅದಕ್ಕೆ ತದ್ವಿರುದ್ಧವಾದ ಮಾತು. ತನ್ನ ಮಂಪರಿನ 'ಬ್ಯಾಡ'ಕ್ಕೆ ಬೆಲೆ ಕೊಡಬೇಕೆಂದು ಅವಳೇ ಮೊದಲು ಕರಾರು ಮಾಡಿದ್ದಳು. ಮಂಪರಿನ ಮಾತಿನ ತೂಕವನ್ನು ತೀರ್ಮಾನಿಸಬೇಕಾದದ್ದು ಎಚ್ಚರದ ಮಾತು. ಆ ಎಚ್ಚರದ ಮಾತನ್ನು ಮುಂಚೆಯೇ ಕೇಳಿಟ್ಟುಕೊಂಡಿರಬೇಕು. ಕೇಳದೆ ಹೋದವರಿಗೆ ಏನು ಗತಿ? ಅಲ್ಲಿ ನನಗೆ ತೋಚುವುದು ಇಷ್ಟು: ಮಂಪರಿನ 'ಹೂಂ'ನಿಂದ ಯಾರಿಗೂ ಹೊಸ ಅಧಿಕಾರ ಸಿಗಬಾರದು, ಮಂಪರಿನ 'ಬ್ಯಾಡ'ಕ್ಕೆ ಮಾತ್ರ ಕೈ ನಿಲ್ಲಬೇಕು. ನಿಲ್ಲಿಸಿ ನೋಡಲು ತಗಲುವುದು ಎರಡು ನಿಮಿಷ. ನಿಲ್ಲಿಸುವುದೆಂದರೆ ಕೈಬಿಡುವುದಲ್ಲ. ಅವ್ವನ ಹಲ್ಲು ಹೊರಗೆ ಬಂದೇ ಬಂತು.

ಎಲ್ಲರಿಗೂ ಮೈಸೂರು, ರಕ್ತನಾಳದ ಸೂಜಿ ಬೇಕಿಲ್ಲ, ಎಲ್ಲರಿಗೂ ಸಿಗುವುದೂ ಇಲ್ಲ. ಹಲ್ಲಿನ ಭಯ ಅಳೆಯಲು ವೈದ್ಯರು ಬಳಸುವ ಐದು ಪ್ರಶ್ನೆಗಳ ಪಟ್ಟಿಯೊಂದಿದೆ: ನಾಳೆ ಹೋಗಬೇಕೆಂದರೆ, ಹೊರಗೆ ಕಾಯುವಾಗ, ಹಲ್ಲು ಕೊರೆಯುವಾಗ, ಶುಚಿ ಮಾಡುವಾಗ, ಇಂಜೆಕ್ಷನ್ ಕೊಡುವಾಗ ನಿಮಗೆ ಹೇಗನ್ನಿಸುತ್ತದೆ? ಐದರಿಂದ ಇಪ್ಪತ್ತೈದರವರೆಗೆ ಅಂಕ, ಹತ್ತೊಂಬತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಭಯ ವಿಪರೀತ. ಎರಡು ನಿಮಿಷದ ಕೆಲಸ. ಕೈ ಎತ್ತಿದರೆ ನಿಲ್ಲಿಸುತ್ತೇನೆಂದು ಹೇಳಿ ಹಾಗೆಯೇ ನಡೆದುಕೊಳ್ಳುವುದಕ್ಕೆ ಯಾವ ಯಂತ್ರವೂ ಬೇಡ. ಕೆಲವರಿಗೆ ಅಷ್ಟೇ ಸಾಕಾಗುತ್ತದೆ. ಸಾಲದವರಿಗೆ ಮದ್ದು ಇರಲಿ, ಅದನ್ನು ಕೇಳುವುದರಲ್ಲಿ ನಾಚಿಕೆ ಬೇಡ. ಆದರೆ ಮಂಪರು ಯಾರ ನೆಮ್ಮದಿಗೆ ಎಂಬುದನ್ನು ಪ್ರತಿಸಲ ಕೇಳಿಕೊಳ್ಳಬೇಕು. ಭಯಪಟ್ಟವರ ನೆಮ್ಮದಿಗೋ, ಅವರ ಭಯ ನೋಡಲಾಗದ ನಮ್ಮ ನೆಮ್ಮದಿಗೋ?

ಹದಿನೈದು ದಿನ ಬಿಟ್ಟು ನರಸೀಪುರಕ್ಕೆ ಹೋದೆ. ಹೇಳದಿದ್ದರೆ ಅವ್ವನ ನಿಶ್ಚಿಂತೆ ಉಳಿಯುತ್ತದೆ. ಆದರೆ ಅವಳ ಬಾಯಿಂದ ಬಂದ ಮಾತನ್ನು ನಾನು ಮುಚ್ಚಿಟ್ಟುಕೊಂಡರೆ ಅದೂ ಒಂದು ಸುಳ್ಳೇ, ನನ್ನ ಲೆಕ್ಕದಲ್ಲಿ ಎರಡನೆಯದು. ಹೇಳಿಬಿಟ್ಟೆ. 'ಮಧ್ಯದಲ್ಲಿ ಒಂದ್ಸಲ ನೋವಾಯ್ತು ಕನವ್ವ. ನೀನು ಬ್ಯಾಡ ಅಂದೆ.'

ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಲಿಲ್ಲ.

'ಅಂದಾಗ ನಿಲ್ಸುದ್ರಾ?'

'ನಿಲ್ಸುದ್ರು.'

'ಸರಿ ಬುಡು ಮತ್ತೆ.'

ಎರಡು ಹಿಡಿ ಕಾಯಿ ಸುಲಿದ ಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು.

'ಅದಿರ್ಲಿ, ನೀನ್ಯಾಕಪ್ಪ ದೇವಸ್ಥಾನ ಅಂತ ಸುಳ್ಳು ಯೋಳ್ದೆ?'

ಆ ದಿನ ನನ್ನ ಹತ್ತಿರ ಉತ್ತರವಿರಲಿಲ್ಲ. ಕೆಳದವಡೆಯ ಇನ್ನೊಂದು ಹಲ್ಲು ಅಲುಗುತ್ತಿದೆ. ಈ ಸಲ ಎಲ್ಲಿಗೆ ಹೋಗುತ್ತಿದ್ದೇವೆಂದು ಹೇಳಿಯೇ ಕರೆದಿದ್ದೇನೆ. ಬರುವ ಸೋಮವಾರ ಅಂದಿದ್ದಾಳೆ.