ನ್ಯಾಯವಿದ್ಯಾರ್ಥಿಯೂ ಪರರ ಗುಟ್ಟೂ

ಕಸುಬನ್ನು ಕಲಿಯತಕ್ಕವನಿಗೆ ಕೈ ಪಳಗಿಸಿಕೊಳ್ಳುವುದಕ್ಕೆ ಯಾವುದಾದರೊಂದು ವಸ್ತು ಬೇಕು. ಬಡಗಿಯ ಮಗನು ಹಾಳು ಹಲಗೆಯ ಮೇಲೆ ಉಳಿಯನ್ನಾಡಿಸುತ್ತಾನೆ. ಹಲಗೆ ಕೆಟ್ಟರೆ ಒಲೆಗಾಗುವುದು. ವೈದ್ಯವಿದ್ಯಾರ್ಥಿಯು ಮೊದಲು ಶವವನ್ನು ಛೇದಿಸಿ ನೋಡುತ್ತಾನೆ. ಶವಕ್ಕೆ ನೋವೂ ಇಲ್ಲ, ನಾಚಿಕೆಯೂ ಇಲ್ಲ. ನ್ಯಾಯಶಾಸ್ತ್ರವನ್ನು ಓದುವವನ ಸಂಗತಿ ಹಾಗಲ್ಲ. ಗ್ರಂಥಗಳನ್ನು ಮುಗಿಸಿ ಅನುಭವಕ್ಕೆ ಕೈಯಿಕ್ಕಿದೊಡನೆಯೇ ಅವನ ಪಾಠದ ವಸ್ತುವು ಎದುರಿಗೆ ಕುಳಿತು ಮಾತನಾಡುವ ಒಬ್ಬ ಮನುಷ್ಯನ ಕಷ್ಟವಾಗಿ ಪರಿಣಮಿಸುತ್ತದೆ. ಇನ್ನೊಬ್ಬರ ದುಃಖವನ್ನು ಪಾಠವಾಗಿ ಮಾಡಿಕೊಳ್ಳುವ ಅಧಿಕಾರವು ಅವನಿಗೆ ಎಲ್ಲಿಂದ ಬಂದಿತು?

ಭಾರತದಲ್ಲಿ 1961ರ ವಕೀಲರ ಅಧಿನಿಯಮವು ಮೊದಲು ಪದವಿಯ ತರುವಾಯ ತರಬೇತಿಯನ್ನೂ ಪರೀಕ್ಷೆಯನ್ನೂ ವಿಧಿಸಿದ್ದಿತು. 1973ರ ತಿದ್ದುಪಡಿಯಿಂದ ಎರಡೂ ಹೋದುವು. ವಕೀಲರ ಪರಿಷತ್ತು 1995ರಲ್ಲಿ ಒಂದು ವರ್ಷದ ತರಬೇತಿಯನ್ನು ಮತ್ತೆ ತರಲು ಯತ್ನಿಸಿತಾದರೂ, ಸರ್ವೋಚ್ಚ ನ್ಯಾಯಾಲಯವು 1999ರಲ್ಲಿ ಆ ನಿಯಮಗಳನ್ನು ರದ್ದುಮಾಡಿತು. ಪರೀಕ್ಷೆಯು 2011ರಲ್ಲಿ ಬೇರೊಂದು ರೂಪದಿಂದ ಮರಳಿತು, ತರಬೇತಿ ಮರಳಲಿಲ್ಲ. ಹೀಗಾಗಿ ಕೈಗೆ ಅನುಭವವನ್ನು ಕೊಡುವ ಭಾರವೆಲ್ಲವೂ ವಿದ್ಯಾಲಯದ ಮೇಲೆಯೇ ಬಿದ್ದಿತು. ಪರಿಷತ್ತಿನ 2008ರ ನಿಯಮಾವಳಿಯಂತೆ ಐದು ವರ್ಷದ ವ್ಯಾಸಂಗದವನು ಒಟ್ಟು 20 ವಾರ, ಮೂರು ವರ್ಷದವನು 12 ವಾರ ವಕೀಲರ ಬಳಿಯಲ್ಲೋ ಅಂಥ ಇತರ ಸ್ಥಳಗಳಲ್ಲೋ ಇದ್ದು ಕಲಿಯಬೇಕು. ಇದರೊಡನೆ 100 ಅಂಕಗಳ ಒಂದು ಪತ್ರಿಕೆಯುಂಟು: ಕಲ್ಪಿತ ನ್ಯಾಯಾಲಯದ ವಾದಕ್ಕೆ 30, ನ್ಯಾಯಾಸ್ಥಾನದಲ್ಲಿ ಎರಡು ಮೊಕದ್ದಮೆಗಳ ವಿಚಾರಣೆಯನ್ನು ನೋಡಿ ಬರೆದುದಕ್ಕೆ 30, ಮೌಖಿಕ ಪರೀಕ್ಷೆಗೆ 10. ಉಳಿದ 30ರಲ್ಲಿ 15 ಅಂಕಗಳು ವಕೀಲನು ಕಕ್ಷಿಗಾರನೊಡನೆ ನಡೆಸುವ ಸಂದರ್ಶನವನ್ನು ಎರಡು ಸಲ ಕುಳಿತು ನೋಡಿ ದಿನಚರಿಯಲ್ಲಿ ಬರೆದುದಕ್ಕೆ. ಧರ್ಮಸೂಕ್ಷ್ಮವಿರುವುದು ಈ ಹದಿನೈದು ಅಂಕಗಳಲ್ಲಿಯೇ.

ಕಾನೂನು ನೆರವಿನ ಕಚೇರಿಗೆ ಜೀವನಾಂಶವನ್ನು ಕೇಳಲು ಬಂದ ಒಬ್ಬ ಹೆಂಗಸನ್ನು ಊಹಿಸಬಹುದು. ಹೆತ್ತ ತಾಯಿಗೂ ಹೇಳದ ಮಾತನ್ನು ಅವಳು ವಕೀಲನ ಮುಂದೆ ಹೇಳಬೇಕಾಗಿದೆ. ಮೂಲೆಯಲ್ಲಿ ಇಪ್ಪತ್ತರ ಹರೆಯದ ಇಬ್ಬರು ಪುಸ್ತಕವನ್ನು ತೆರೆದು ಕುಳಿತಿದ್ದಾರೆ. ಅವಳು ಒಮ್ಮೆ ಅತ್ತ ನೋಡುತ್ತಾಳೆ. “ನಮ್ಮ ಹುಡುಗರೇ, ಹೇಳಮ್ಮಾ” ಎನ್ನುತ್ತಾನೆ ವಕೀಲ. ಅವಳು ತಲೆಯಾಡಿಸುತ್ತಾಳೆ. ಇದನ್ನು ಸಮ್ಮತಿಯೆನ್ನಬಹುದೆ? 1987ರ ಕಾನೂನು ಸೇವೆಗಳ ಅಧಿನಿಯಮವು ಸ್ತ್ರೀಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ವರ್ಗಗಳವರಿಗೆ, ಬಂಧನದಲ್ಲಿರುವವರಿಗೆ ಉಚಿತ ನೆರವಿನ ಹಕ್ಕನ್ನು ಕೊಟ್ಟಿದೆ. ಹಕ್ಕೆಂದು ಅಧಿನಿಯಮವು ಹೇಳಿದರೂ, ಕೇಳಬಂದವಳಿಗೆ ಅದು ದಯೆಯಂತೆಯೇ ತೋರುವುದು. ಬೇಡವೆಂದರೆ ನೆರವೇ ತಪ್ಪೀತೆಂಬ ಭಯವಿರುವುದು. ದೊಡ್ಡ ಶುಲ್ಕವನ್ನು ತೆರುವ ವ್ಯಾಪಾರಿಯು ಹುಬ್ಬು ಹಾರಿಸಿದರೆ ಸಾಕು, ವಿದ್ಯಾರ್ಥಿಯು ಹೊರಕ್ಕೆ ಹೋಗುತ್ತಾನೆ. ಬಡವರ ಗುಟ್ಟಿನ ಮೇಲೆ ಕಲಿತ ವಿದ್ಯೆಯಿಂದ ಮುಂದೆ ಸೇವೆ ಪಡೆಯುವವನು ಬಹುಮಟ್ಟಿಗೆ ಆ ವ್ಯಾಪಾರಿಯೇ ಎಂಬುದನ್ನೂ ಇಲ್ಲಿ ನೆನೆಯಬೇಕು.

ಹಾಗೆಂದು ವಿದ್ಯಾರ್ಥಿಯನ್ನು ದೂರವಿಡುವುದೂ ನ್ಯಾಯವಲ್ಲ. ಅಳುವವರ ಮಾತಿನಿಂದ ದಾವೆಗೆ ಬೇಕಾದ ಸಂಗತಿಯನ್ನು ಹೇಗೆ ತೆಗೆಯಬೇಕೆಂಬುದನ್ನು ನೋಡದೆಯೇ ಸನ್ನದು ಪಡೆದವನು ತನ್ನ ಮೊದಲನೆಯ ಕಕ್ಷಿಗಾರಳ ಮೇಲೆಯೇ ಆ ಪಾಠವನ್ನು ಮಾಡಿಕೊಳ್ಳುವನು. ಆಗ ತಿದ್ದುವ ಗುರುವೂ ಪಕ್ಕದಲ್ಲಿರುವುದಿಲ್ಲ.

ಶಾಸನವು ಈ ವಿಷಯದಲ್ಲಿ ಏನೆನ್ನುತ್ತದೆಂದು ನೋಡಿದರೆ ಒಂದು ವಿಚಿತ್ರವು ಕಾಣುತ್ತದೆ. ಕಕ್ಷಿಗಾರನು ನಂಬಿ ಹೇಳಿದುದನ್ನು ವಕೀಲನು ಹೊರಗೆಡಹಬಾರದೆಂದು 1872ರ ಸಾಕ್ಷ್ಯ ಅಧಿನಿಯಮವು ಕಟ್ಟುಮಾಡಿದ್ದಿತು; 2024ನೆಯ ಜುಲೈ 1ರಿಂದ ಅದರ ಸ್ಥಾನದಲ್ಲಿ ನಿಂತ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯ ಪ್ರಕರಣವೂ ಅದನ್ನೇ ಹೇಳುತ್ತದೆ. ಆ ಕಟ್ಟು ಭಾಷಾಂತರಕಾರರಿಗೂ ವಕೀಲರ ಗುಮಾಸ್ತರಿಗೂ ನೌಕರರಿಗೂ ಅನ್ವಯಿಸುತ್ತದೆ. ವಿದ್ಯಾರ್ಥಿಯ ಹೆಸರು ಮಾತ್ರ ಅಲ್ಲಿಲ್ಲ. ಗುಮಾಸ್ತನೆಂಬ ಮಾತಿನಲ್ಲಿ ಅವನನ್ನೂ ಸೇರಿಸಿಕೊಳ್ಳಬಹುದೆಂದು ಜಾಣರು ವಾದಿಸಿಯಾರು, ವಾದವು ಗೆಲ್ಲಲೂಬಹುದು. ಆದರೆ ತನ್ನ ನಾಲಗೆಯನ್ನು ಹಿಡಿದುಕೊಳ್ಳುವುದಕ್ಕೆ ಆ ತೀರ್ಪನ್ನು ಕಾಯುವವನು ಈ ವೃತ್ತಿಗೆ ಬರುವುದೇ ಬೇಡ. ಗುಮಾಸ್ತನನ್ನಾದರೋ ಊರೆಲ್ಲ ಬಲ್ಲದು. ತಪ್ಪಿದರೆ ಹಿಡಿದು ಕೇಳಬಹುದು. ವಿದ್ಯಾರ್ಥಿಯು ನಾಲ್ಕು ವಾರವಿದ್ದು ಹೊರಟುಹೋಗುವವನು.

ಹೋಗುವಾಗ ಅವನ ಕೈಯಲ್ಲಿ ದಿನಚರಿಯಿರುತ್ತದೆ. ಅದನ್ನು ಅಧ್ಯಾಪಕನು ಓದುವನು, ಪರೀಕ್ಷಕನು ಓದುವನು, ವಸತಿಗೃಹದ ಗೆಳೆಯನೂ ನಕಲಿಗೆಂದು ಓದುವನು. ಹೆಸರನ್ನು ಬಿಟ್ಟು ಬರೆದರೆ ಸಾಕೆಂದು ಕೆಲವರು ಹೇಳುತ್ತಾರೆ. ಆದರೆ ಗಂಡನ ಕಸುಬು, ಮಕ್ಕಳ ಸಂಖ್ಯೆ, ಮದುವೆಯಾದ ವರ್ಷ ಇವಿಷ್ಟಿದ್ದರೆ ಒಂದು ತಾಲ್ಲೂಕಿನಲ್ಲಿ ಹೆಸರು ಬೇಕಾಗಿಯೇ ಇಲ್ಲ. ಕಥೆಯು ಕರುಣಾಜನಕವಾದಷ್ಟೂ ಬರಹವು ಚೆನ್ನಾಗಿ ಕಾಣುವುದರಿಂದ ಬಣ್ಣ ಕಟ್ಟುವ ಆಸೆಯೂ ಹುಟ್ಟುತ್ತದೆ. ಕಲ್ಪಿತ ನ್ಯಾಯಾಲಯದ ಕಾಗದದ ಕಕ್ಷಿಗಾರರ ಮೇಲೆ ಎಷ್ಟು ಬಣ್ಣವನ್ನಾದರೂ ಬಳಿಯಲಿ, ಯಾರಿಗೂ ನಷ್ಟವಿಲ್ಲ. ಇಲ್ಲಿ ಕಲಿಯಬೇಕಾದುದು ಅವಳ ಕಥೆಯಲ್ಲ, ವಕೀಲನ ಕೆಲಸ: ಯಾವ ಪ್ರಶ್ನೆಯನ್ನು ಮೊದಲು ಕೇಳಿದನು, ಯಾವುದನ್ನು ಕೇಳದೆ ಬಿಟ್ಟನು, ಅವಳು ಸುಮ್ಮನಾದಾಗ ಎಷ್ಟು ಹೊತ್ತು ಕಾದನು, ಯಾವ ದಾಖಲೆಯನ್ನು ತರಹೇಳಿದನು. ಇವನ್ನು ಬರೆಯುವುದಕ್ಕೆ ಅವಳ ಮನೆಯ ಬಾಗಿಲನ್ನು ತೆರೆಯಬೇಕಾದುದಿಲ್ಲ.

ಸಮ್ಮತಿಯನ್ನು ಕೇಳುವುದಾದರೆ ವಿದ್ಯಾರ್ಥಿಯು ಒಳಗೆ ಬರುವ ಮುನ್ನ, ಅವಳ ಆಡುಮಾತಿನಲ್ಲಿ, ಬೇಡವೆಂದರೂ ಕೆಲಸ ನಿಲ್ಲದೆಂಬ ಭರವಸೆಯೊಡನೆ ಕೇಳತಕ್ಕದ್ದು. ಅವಳು ಬೇಡವೆಂದರೆ ಅವನು ಹೊರಗಿನ ಬೆಂಚಿನ ಮೇಲೆ ಕುಳಿತಿರಬೇಕು. ಆ ದಿನದ ಪುಟದಲ್ಲಿ ತಾರೀಖೂ, “ಕಕ್ಷಿಗಾರಳು ಒಪ್ಪಲಿಲ್ಲ” ಎಂಬ ಎರಡು ಮಾತೂ ಇರುವುವು. ಅಂಥ ಪುಟಕ್ಕೆ ಹದಿನೈದರಲ್ಲಿ ಎಷ್ಟು ಅಂಕವೆಂಬುದನ್ನು ನಿಯಮಾವಳಿಯು ಹೇಳುವುದಿಲ್ಲ.